ವರ್ಗಾಕ್ಷರಗಳ ದಾರಿಯಲ್ಲಿ ಚೀನೀ ಭಾಷೆ

ಚೀನೀ ಭಾಷೆ ಮತ್ತು ಸಂಸ್ಕೃತಿಯನ್ನು ಪದವಿಯಲ್ಲಿ ಮೈನರ್ ವಿಷಯವಾಗಿ ಕಲಿಸುವ ಬಗೆ ಈ ವರ್ಷದ ದತ್ತಿ ಉಪನ್ಯಾಸದ ವಸ್ತು. ದತ್ತಿ ಯಾರ ಹೆಸರಿನಲ್ಲಿದೆಯೋ ಆ ಹಿರಿಯ ಮೇಷ್ಟ್ರು ಬದುಕಿಡೀ ಕನ್ನಡ ವ್ಯಾಕರಣ ಕಲಿಸಿದವರು. 1924ರಲ್ಲಿ ರವೀಂದ್ರನಾಥ ಠಾಕೂರರು ಚೀನಾಕ್ಕೆ ಹೋದದ್ದು, ಚೀನೀ ವಿದ್ವಾಂಸ ತಾನ್ ಯುನ್‌ಶಾನ್ ಶಾಂತಿನಿಕೇತನಕ್ಕೆ ಬಂದದ್ದು, 1937ರಲ್ಲಿ ಅಲ್ಲಿ ಚೀನಾ ಭವನ ತೆರೆದದ್ದು ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಲಿಪಿಯ ಪರಿಚಯಕ್ಕೂ ಕೈಪಿಡಿಗಳಿವೆ. ಇಲ್ಲಿ ಎತ್ತಿಕೊಂಡಿರುವುದು ಒಂದೇ ತಕರಾರು: ಮೊದಲ ಸೆಮಿಸ್ಟರಿನಲ್ಲಿ ಉಚ್ಚಾರಣೆಯನ್ನು ಯಾವ ಅಕ್ಷರಗಳ ಮೂಲಕ ಕಲಿಸಬೇಕು?

ಗಂಟೆಗಳ ಲೆಕ್ಕ ಹಾಕಿದರೆ ಇದು ಸಣ್ಣ ತಕರಾರಲ್ಲವೆಂದು ತಿಳಿಯುತ್ತದೆ. ಯುಜಿಸಿಯ 2022ರ ಚೌಕಟ್ಟಿನಂತೆ ಮೂರು ವರ್ಷದ ಪದವಿಯಲ್ಲಿ ಮೈನರ್‌ಗೆ 24 ಕ್ರೆಡಿಟ್. ಕ್ರೆಡಿಟ್ಟಿಗೆ 15 ಗಂಟೆ ಪಾಠವೆಂದರೆ ಒಟ್ಟು 360. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಂತ್ರಜ್ಞರಿಗೆ ಮ್ಯಾಂಡರಿನ್ ಕಲಿಸಲು ಎತ್ತಿಟ್ಟಿರುವುದು 2,200 ಗಂಟೆ. ಅದರ ಆರನೇ ಒಂದು ಪಾಲಿನಲ್ಲೇ ಇತಿಹಾಸ, ಸಾಹಿತ್ಯಗಳ ಪತ್ರಿಕೆಗಳೂ ಮುಗಿಯಬೇಕು. ಮೊದಲ ತಿಂಗಳಲ್ಲಿ ನಾಲಿಗೆ ದಾರಿ ತಪ್ಪಿದರೆ ಆಮೇಲೆ ತಿದ್ದಲು ಪುರಸೊತ್ತಿಲ್ಲ.

ಚೀನೀ ಉಚ್ಚಾರಣೆ ಬರೆಯಲು 1958ರಲ್ಲಿ ಚೀನಾ ಅಂಗೀಕರಿಸಿದ ಪಿನ್‌ಯಿನ್ ಪದ್ಧತಿ ರೋಮನ್ ಅಕ್ಷರಗಳದು. ಅದರಲ್ಲಿ 'ಬಿ' ಇದ್ದ ಕಡೆ ನುಡಿಯಬೇಕಾದದ್ದು ಪ. 'ಪಿ' ಇದ್ದ ಕಡೆ ಫ, ಅಂದರೆ ಫಲದ ಫ, ಫ್ಯಾನಿನದಲ್ಲ. ಹಾಗೆಯೇ 'ಡಿ'ಗೆ ತ, 'ಟಿ'ಗೆ ಥ, 'ಜಿ'ಗೆ ಕ, 'ಕೆ'ಗೆ ಖ. ಅಮೆರಿಕದ ಪಠ್ಯಗಳು 'ಪೆನ್' ಎಂಬಲ್ಲಿನ ಧ್ವನಿಯನ್ನು ಮಾದರಿಯಾಗಿ ಕೊಡುತ್ತವೆ. ಅಮೆರಿಕದವರು ಪೆನ್ ಎಂದಾಗ ಉಸಿರು ರಭಸದಿಂದ ಹೊರಬೀಳುವುದರಿಂದ ಅವರಿಗೆ ಆ ಸೂಚನೆ ಸಾಕು. ಹಾಸನದ ಹುಡುಗಿ ಪೆನ್ನು ಎನ್ನುವಾಗ ತುಟಿಯೆದುರು ತೆಳು ಕಾಗದ ಹಿಡಿದರೆ ಅದು ಅಲುಗುವುದೇ ಇಲ್ಲ. 'ಓಡಿಹೋದ' ಎನ್ನಲು ಅವಳು 'ಫಾವ್ ಲ' ಎನ್ನಬೇಕು. ಪುಸ್ತಕ ನಂಬಿ 'ಪಾವ್ ಲ' ಎಂದರೆ ಕೇಳುವವರಿಗೆ ಹೊಟ್ಟೆ ತುಂಬಿತು ಎಂದಾಗುತ್ತದೆ. ಬಾಯಿ ಎಂಬರ್ಥದ 'ಖೋವ್' ಹೀಗೆಯೇ ನಾಯಿಯಾಗುತ್ತದೆ. ಎರಡು ಜೋಡಿಗಳಲ್ಲೂ ಸ್ವರಭಾರ ಒಂದೇ, ಬೇರೆ ಮಾಡುವುದು ಉಸಿರು ಮಾತ್ರ. ಪ ಮತ್ತು ಫ ಎಂದು ಹಲಗೆಯ ಮೇಲೆ ಬರೆದುಬಿಟ್ಟರೆ ಆ ಹುಡುಗಿಗೆ ಬೇರೆ ವಿವರಣೆ ಬೇಕಾಗದು.

ಇದು ಹೊರಗಿನಿಂದ ಹೇರಿದ ಉಪಾಯವೂ ಅಲ್ಲ. ಬೌದ್ಧ ಗ್ರಂಥಗಳ ಜೊತೆಗೆ ಭಾರತದ ಧ್ವನಿಶಾಸ್ತ್ರವೂ ಚೀನಾ ಸೇರಿತು. ಥಾಂಗ್ ಕಾಲದ ಭಿಕ್ಷು ಷೌವೆನ್ ಹೆಸರಿನಲ್ಲಿರುವ 30 ವ್ಯಂಜನಗಳ ಪಟ್ಟಿ ದುನ್‌ಹುವಾಂಗ್‌ನ ಹಸ್ತಪ್ರತಿಯೊಂದರಲ್ಲಿ ಸಿಕ್ಕಿದೆ. ಮುಂದೆ 36ಕ್ಕೆ ಬೆಳೆದ ಆ ಪಟ್ಟಿಯಲ್ಲಿ ತುಟಿಯ ಧ್ವನಿಗಳ ಸಾಲು ಪ, ಫ, ಬ, ಮ. ದತ್ತಿಯ ಮೇಷ್ಟ್ರು ಇಂಥ ಸಾಲುಗಳನ್ನೇ ತಲೆಮಾರುಗಳ ವಿದ್ಯಾರ್ಥಿಗಳಿಗೆ ಪ್ರೀತಿಯಿಂದ ಕಲಿಸಿದರು. ಕಾಲಕ್ರಮದಲ್ಲಿ ಉತ್ತರದ ಚೀನೀ ನುಡಿಯಿಂದ ಬ ಜಾರಿ ಪ, ಫ, ಮ ಉಳಿದವು. ತೈವಾನಿನ ಮಕ್ಕಳ ಅಕ್ಷರಮಾಲೆ ಇಂದಿಗೂ ಈ ಮೂರರಿಂದಲೇ ಶುರುವಾಗುತ್ತದೆ.

ನಿಘಂಟು ನೋಡಲು, ಮೊಬೈಲಿನಲ್ಲಿ ಟೈಪಿಸಲು ಪಿನ್‌ಯಿನ್ ಬೇಕೇ ಬೇಕು, ನಡುವೆ ಕನ್ನಡ ಏಕೆ ಎನ್ನುವವರಿದ್ದಾರೆ. ಬೇಕು, ನಿಜ, ಧ್ವನಿ ಕೂತ ಮೇಲೆ ಕಲಿತರೂ ಅದು ತಡವಾಗದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕನ್ನಡಿಗರ ದಿನದ ಮಾತಿನಲ್ಲೇ ಮಹಾಪ್ರಾಣವಿಲ್ಲ. ಕನ್ನಡ ಬರವಣಿಗೆಗೆ ಅದು ಬೇಡವೆಂದೇ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಕನ್ನಡದ ಮಟ್ಟಿಗೆ ಆ ವಾದಕ್ಕೆ ಬಲವಿದೆ. ಆದರೆ ಒಂದನೇ ತರಗತಿಯಿಂದ ಕ, ಖ ಬರೆದವರಿಗೆ ಎರಡೂ ಬೇರೆಂಬ ಅರಿವಂತೂ ಇದ್ದೇ ಇದೆ, ಚೀನೀ ತರಗತಿಗೆ ಅಷ್ಟು ಸಾಕು. ಸ್ವರಭಾರಕ್ಕೆ ಕನ್ನಡದಲ್ಲಿ ಗುರುತಿಲ್ಲ, ನಾಲಿಗೆ ಮಡಿಸಿ ನುಡಿಯುವ ಕೆಲವು ಧ್ವನಿಗಳಿಗೆ ಅಕ್ಷರವೂ ಇಲ್ಲ. ಅವನ್ನು ಬೇರೆಯಾಗಿಯೇ ಕಲಿಸಬೇಕು.

ಭಾಷೆಯನ್ನು ಹೆಸರಿಗಿಟ್ಟು ಚಹಾ, ಕುಂಚದ ಬರಹ, ಹೊಸವರ್ಷದ ಹಬ್ಬಗಳಲ್ಲಿ ಮೈನರ್ ಮುಗಿಸಬೇಕೆನ್ನುವ ಪಕ್ಷವನ್ನು ಮಾತ್ರ ಒಪ್ಪಲಾಗದು. ಅದು ವಿದ್ಯಾರ್ಥಿಗೆ ಮಾಡುವ ಮೋಸ. ಸಂಸ್ಕೃತಿಯ ಪಾಠ ಬೇಕಾದರೆ ಚೀನೀ ಯಾತ್ರಿಕ ಶ್ವೆನ್‌ತ್ಸಾಂಗನ ಪ್ರವಾಸ ಗ್ರಂಥವಿದೆ. ಏಳನೇ ಶತಮಾನದಲ್ಲಿ ಅವನು ಚಾಲುಕ್ಯರ ನಾಡಿಗೆ ಬಂದು, ದೊರೆಯ ಹೆಸರನ್ನು ನಾಲ್ಕು ಚೀನೀ ಅಕ್ಷರಗಳಲ್ಲಿ ದಾಖಲಿಸಿದ. ಮೊದಲ ಅಕ್ಷರವನ್ನು ಪಿನ್‌ಯಿನ್‌ನಲ್ಲಿ ಬರೆಯುವುದು ರೋಮನ್ 'ಬಿ'ಯಿಂದ. ಇಂಗ್ಲಿಷಿನ ರೂಢಿಯಲ್ಲಿ ಓದಿದರೆ 'ಬು' ಆಗುತ್ತದೆ. ಚೀನೀಯರು ನುಡಿಯುವಂತೆ ಓದಿದರೆ ಅದು 'ಪು', ಪುಲಕೇಶಿಯ ಪು.

ಮೈನರ್ ಆರಂಭಿಸಲಿರುವ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸಕಾರರ ವಿನಂತಿ ಇಷ್ಟೇ: ಚೀನೀ ಅಧ್ಯಾಪಕರನ್ನೂ ಕನ್ನಡ ಭಾಷಾವಿಜ್ಞಾನಿಗಳನ್ನೂ ಒಟ್ಟಿಗೆ ಕೂರಿಸಿ, ಮೊದಲ ಸೆಮಿಸ್ಟರಿನ ಉಚ್ಚಾರಣೆಯ ಪಠ್ಯವನ್ನು ಕನ್ನಡದಲ್ಲಿ ಬರೆಸಿ.