ಬಚ್ಚಲ ನೀರು ನಿಂತರೆ ದೋಷವೆಲ್ಲಿ?



ಬಚ್ಚಲ ನೀರು ಇಳಿಯದೆ ನಿಂತಿತೆಂದರೆ ಮನೆಯವರೆಲ್ಲ ಮೊದಲು ಬೈಯುವುದು ಸೆಪ್ಟಿಕ್ ಟ್ಯಾಂಕನ್ನು. ಎಷ್ಟೋ ಸಲ ಅದು ನಿರಪರಾಧಿ. ಕನ್ನಡದಲ್ಲಿ ‘ಕೊಳೆ’ ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಬಂದ ಕೊಳೆಯನ್ನು ಕೊಳೆಯಿಸುವುದೇ ಈ ತೊಟ್ಟಿಯ ಕೆಲಸ. ಭಾರವಾದುದು ತಳಕ್ಕಿಳಿದು ಕೆಸರಾಗುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಣ ನೀರು ಹೊರಪೈಪಿನಿಂದ ಇಂಗುಗುಂಡಿಗೆ ಹರಿಯುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ಹೊರಪೈಪಿನ ಮಟ್ಟಕ್ಕೆ ಸದಾ ನೀರು ಇದ್ದೇ ಇರುತ್ತದೆ. ‘ಟ್ಯಾಂಕು ತುಂಬಿದೆ’ ಎಂದು ಯಾರಾದರೂ ಹೆದರಿಸಿದರೆ, ಎಲ್ಲಿಯವರೆಗೆ ಎಂದು ಕೇಳಿರಿ.

ಒಂದೇ ಕಡೆ ನೀರು ನಿಂತು ಉಳಿದೆಡೆ ಸರಾಗವಾಗಿ ಹರಿಯುತ್ತಿದ್ದರೆ ಕಟ್ಟಿರುವುದು ಆ ಒಂದು ಪೈಪು. ಕೂದಲೋ ಜಿಡ್ಡೋ ತಡೆದಿರುತ್ತದೆ. ಎಲ್ಲ ಕಡೆಯೂ ನಿಂತರೆ ಮನೆಗೂ ಟ್ಯಾಂಕಿಗೂ ನಡುವಿನ ಚೇಂಬರಿನ ಮುಚ್ಚಳ ತೆಗೆಯಿಸಿ. ಅದು ಬರಿದಾಗಿದ್ದರೆ ತಡೆ ಮನೆಯ ಕಡೆಗಿದೆ. ತುಂಬಿ ನಿಂತಿದ್ದರೆ ಟ್ಯಾಂಕನ್ನು ನೋಡಬೇಕು. ಅಲ್ಲಿ ನೀರು ಹೊರಪೈಪಿನ ಮಟ್ಟದಲ್ಲೇ ಇದ್ದರೆ ಚೇಂಬರಿನಿಂದ ಬರುವ ಪೈಪು ಅಥವಾ ಅದರ ಬಾಯಿ ಕಟ್ಟಿದೆ; ಮೇಲೇರಿದ್ದರೆ ಹೊರಪೈಪೋ ಇಂಗುಗುಂಡಿಯೋ ಕಟ್ಟಿದೆ.

ಹಣ ಕೊಟ್ಟು ಟ್ಯಾಂಕು ಬರಿದುಮಾಡಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ನೀರು ನಿಂತಿತೆಂದು ದೂರುವವರುಂಟು. ಬರಿದಾದ ತೊಟ್ಟಿ ತುಂಬುವವರೆಗೆ ಎಲ್ಲವೂ ನೆಟ್ಟಗೇ ಕಾಣುತ್ತದೆ. ತುಂಬಿದ ಮೇಲೆ ನೀರು ಹೋಗಬೇಕಾದದ್ದು ಅದೇ ಕಟ್ಟಿದ ಗುಂಡಿಗೆ ತಾನೆ? ವರ್ಷಗಟ್ಟಲೆ ಕೆಸರು ತೆಗೆಸದಿದ್ದರೆ ಅದು ನೀರಿನೊಡನೆ ಹೋಗಿ ಗುಂಡಿಯ ಸುತ್ತಣ ಮಣ್ಣಿನ ರಂಧ್ರಗಳನ್ನು ಮೆತ್ತಿಬಿಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ತೆಗೆಸುವುದು ಲೇಸು. ಧಾರವಾಡ, ವಿಜಯಪುರದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿಕೊಂಡು ನೀರನ್ನು ಹೀರುವುದೇ ಇಲ್ಲ. ಹಗಲೂ ರಾತ್ರಿ ಸೋರುವ ಫ್ಲಷ್ ಪೆಟ್ಟಿಗೆಯೊಂದಿದ್ದರೂ ಸಾಕು, ಗುಂಡಿಗೆ ಬಿಡುವಿಲ್ಲ. ಹೊಸ ಗುಂಡಿ ತೋಡಿಸುವವರು ಕುಡಿಯುವ ನೀರಿನ ಬಾವಿಯಿಂದ 60 ಅಡಿಯಾದರೂ ದೂರ ಬಿಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮುಚ್ಚಳ ತೆಗೆದಾಗ ಬಗ್ಗಿ ನೋಡಬೇಡಿ, ಬೀಡಿ ಬೆಂಕಿ ಹತ್ತಿರ ಬೇಡ. ಒಳಗೆ ಹೊತ್ತಿಕೊಳ್ಳುವ ಮೀಥೇನ್ ಇದೆ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ ಇದೆ. ಇದು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ, ವಾಸನೆ ಇಲ್ಲವೆಂದು ಧೈರ್ಯಗೊಳ್ಳುವಂತಿಲ್ಲ. ನೂರಿನ್ನೂರು ಉಳಿಸಲೆಂದು ಆಳನ್ನು ಇಳಿಸುವುದು, ಅವನು ಕುಸಿದಾಗ ಎತ್ತಲು ಇನ್ನೊಬ್ಬ ಇಳಿಯುವುದು—ಹೀಗೆ ಇಬ್ಬರು ಮೂವರು ಒಟ್ಟಿಗೆ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ರಕ್ಷಣಾ ಸಾಧನವಿಲ್ಲದೆ ಹೀಗೆ ಕೆಲಸಕ್ಕೆ ಹಚ್ಚುವುದು 2013ರ ಕಾಯಿದೆಯಂತೆ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೀರುಯಂತ್ರದ ಲಾರಿಯನ್ನೇ ಕರೆಸಿರಿ. ಅದರ ಕೊಳವೆ ತಲಪುವಂತೆ ಮುಚ್ಚಳದ ಮೇಲೆ ಹಾಸುಗಲ್ಲು ಮುಚ್ಚದೆ ಬಿಟ್ಟಿರಿ.