ಧ್ವಜ ಕಪಾಟಿನೊಳಗೆ ಉಳಿಯದಿರಲಿ: ಶಾಲೆಯಲ್ಲಿ ಸ್ಕೌಟ್–ಗೈಡ್ ಚಟುವಟಿಕೆಯ ಒಂದು ವರ್ಷ

(ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶಾಲೆಯಲ್ಲಿ ಸ್ಕೌಟ್ ಮತ್ತು ಗೈಡ್ ಚಟುವಟಿಕೆಗಳನ್ನು ವರ್ಷವಿಡೀ ನಡೆಸುವ ಬಗೆಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ಯಶಸ್ಸಿನ ಕಥೆಗಳನ್ನು ನೀವು ಸಾಕಷ್ಟು ಕೇಳಿರುತ್ತೀರಿ. ಆದುದರಿಂದ ನಾನು ನನ್ನದೇ ಒಂದು ಸೋಲಿನಿಂದ ಆರಂಭಿಸುತ್ತೇನೆ.

ವೃತ್ತಿಯ ಮೊದಲ ವರ್ಷಗಳಲ್ಲಿ ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಸ್ಕೌಟ್ ದಳವನ್ನು ನಡೆಸುತ್ತಿದ್ದೆ. ಮಕ್ಕಳ ಸಮವಸ್ತ್ರ ಅಚ್ಚುಕಟ್ಟಾಗಿತ್ತು, ಕವಾಯತು ಸೊಗಸಾಗಿತ್ತು. ಶಿಬಿರದ ಸಾಮಗ್ರಿಗಳ ಪಟ್ಟಿ, ಗಂಜಿಯ ಅಕ್ಕಿಯ ಲೆಕ್ಕ, ಬಸ್ಸಿನ ವ್ಯವಸ್ಥೆ, ದಳದ ದಿನಚರಿ ಪುಸ್ತಕ ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ಅದನ್ನೇ ಕರ್ತವ್ಯನಿಷ್ಠೆ ಎಂದು ಭಾವಿಸಿದ್ದೆ. ಮುಂದೆ ನನಗೆ ವರ್ಗಾವಣೆಯಾಯಿತು. ಎರಡು ವರ್ಷಗಳ ಬಳಿಕ ಆ ಶಾಲೆಗೆ ಹೋದಾಗ ದಳದ ಧ್ವಜವು ಕಪಾಟಿನಲ್ಲಿ ಹಳೆಯ ಹಾಜರಿ ಪುಸ್ತಕಗಳ ಅಡಿಯಲ್ಲಿತ್ತು. ನನ್ನ ಕಾಲದಲ್ಲಿ ತಂಡದ ನಾಯಕನಾಗಿದ್ದ ಹುಡುಗ ಆಗ ಹತ್ತನೆಯ ತರಗತಿಯಲ್ಲಿದ್ದ. ಅವನನ್ನು ವಿಚಾರಿಸಿದೆ. “ನೀವು ಹೋದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ ಮಾಷ್ಟ್ರೇ” ಎಂದ. ಅವನನ್ನು ನಾಯಕನೆಂದು ಕರೆದಿದ್ದೆನೇ ಹೊರತು ನಾಯಕತ್ವವನ್ನು ಕೊಟ್ಟಿರಲಿಲ್ಲ ಎಂಬುದು ಆ ಮಾತಿನಿಂದ ನನಗೆ ಮನವರಿಕೆಯಾಯಿತು.

ಈ ಚಳವಳಿಯ ಮೂಲವನ್ನು ನೋಡಿದರೆ ನನ್ನ ತಪ್ಪು ಇನ್ನೂ ಸ್ಪಷ್ಟವಾಗುತ್ತದೆ. 1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಪ್ರಾಯೋಗಿಕ ಶಿಬಿರವನ್ನು ನಡೆಸಿದರು. ಸಿರಿವಂತರ ಶಾಲೆಗಳ ಮಕ್ಕಳೂ ದುಡಿಯುವ ವರ್ಗದ ಮಕ್ಕಳೂ ಅಲ್ಲಿ ಕೂಡಿದ್ದರು. ಅವರನ್ನು ನಾಲ್ಕು ಚಿಕ್ಕ ತಂಡಗಳಾಗಿ ವಿಂಗಡಿಸಿ, ಪ್ರತಿಯೊಂದು ತಂಡದ ಹೊಣೆಯನ್ನೂ ಒಬ್ಬ ಹುಡುಗನಿಗೇ ವಹಿಸಲಾಯಿತು. ಪಟ್ರೋಲ್ ಎಂದು ನಾವು ಕರೆಯುವ ಆರರಿಂದ ಎಂಟು ಮಕ್ಕಳ ಆ ತಂಡವೇ ಇಂದಿಗೂ ಸ್ಕೌಟಿಂಗಿನ ಜೀವಾಳ. ನಮ್ಮ ದೇಶದಲ್ಲಿ ಹಲವು ಸಂಘಟನೆಗಳು ಒಂದುಗೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡ ಮೇಲೂ ಈ ತತ್ತ್ವ ಬದಲಾಗಲಿಲ್ಲ. ಸ್ಕೌಟ್ ಮಾಸ್ಟರರೂ ಗೈಡ್ ಕ್ಯಾಪ್ಟನರೂ ತಂಡದ ನಾಯಕರನ್ನು ತರಬೇತುಗೊಳಿಸಬೇಕು. ತಂಡವನ್ನು ನಾಯಕರೇ ನಡೆಸಬೇಕು.

ಇದನ್ನು ನಮ್ಮ ಅಧ್ಯಯನ ವರ್ಷಕ್ಕೆ ಅಳವಡಿಸುವುದು ಹೇಗೆ?

ಜೂನ್ ತಿಂಗಳಲ್ಲಿ ಶಾಲೆ ತೆರೆಯುತ್ತದೆ, ಮಳೆಯೂ ಹಿಡಿಯುತ್ತದೆ. ಮೈದಾನವಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರವೇಶದ ಪಾಠಗಳಿಗೆ ಜಗಲಿ ಸಾಕು. ಪ್ರತಿಜ್ಞೆಯನ್ನೂ ಒಂಬತ್ತು ನಿಯಮಗಳನ್ನೂ ಬಾಯಿಪಾಠ ಮಾಡಿಸುವುದಕ್ಕಿಂತ, ಒಂದೊಂದು ವಾರ ಒಂದೊಂದು ನಿಯಮವನ್ನು ಮನೆಯಲ್ಲಿ ಹೇಗೆ ಪಾಲಿಸಿದೆವೆಂದು ಮಕ್ಕಳಿಂದಲೇ ಹೇಳಿಸುವುದು ಮೇಲು. ತಂಡದ ಹೆಸರನ್ನೂ ಅವರೇ ಆರಿಸಲಿ. 2023ರಲ್ಲಿ ಕಾಸರಗೋಡು ಜಿಲ್ಲೆಯು ತನ್ನದೇ ಆದ ಮರ, ಹೂ, ಹಕ್ಕಿ ಮತ್ತು ಪ್ರಾಣಿಯನ್ನು ಘೋಷಿಸಿತು. ಹಕ್ಕಿಯೆಂದು ಆರಿಸಿದ್ದು ಬಿಳಿ ಹೊಟ್ಟೆಯ ಕಡಲ ಗಿಡುಗವನ್ನು. ದೂರದೇಶದ ಮೃಗದ ಹೆಸರಿಗಿಂತ ನಮ್ಮ ಕರಾವಳಿಯ ಆಕಾಶದಲ್ಲಿ ಹಾರುವ ಈ ಹಕ್ಕಿಯ ಹೆಸರು ತಂಡಕ್ಕೆ ಹೆಚ್ಚು ಒಪ್ಪುತ್ತದೆ.

ಜುಲೈ ಮತ್ತು ಆಗಸ್ಟ್ ತಿಂಗಳು ಗಂಟುಗಳಿಗೂ ಪ್ರಥಮ ಚಿಕಿತ್ಸೆಗೂ ಮೀಸಲಿರಲಿ. ಸಮ ದಪ್ಪದ ಎರಡು ಹಗ್ಗಗಳನ್ನು ಕೂಡಿಸಲು ರೀಫ್ ನಾಟ್, ದಪ್ಪ ಬೇರೆಯಾದರೆ ಶೀಟ್ ಬೆಂಡ್, ಕಂಬಕ್ಕೆ ಬಿಗಿಯಲು ಕ್ಲೋವ್ ಹಿಚ್, ಜಾರದ ಕುಣಿಕೆಗೆ ಬೋಲೈನ್. ಹಟ್ಟಿಯಲ್ಲಿ ಹಸುವನ್ನು ಕಟ್ಟಿ ಬರುವ ಮಗುವಿಗೆ ಹಗ್ಗ ಹೊಸದಲ್ಲ. ಆ ಮಗುವೇ ಮೊದಲು ಕಲಿಸಲಿ. ಹಾವು ಕಡಿತದ ವಿಷಯದಲ್ಲಿ ಮಾತ್ರ ಖಚಿತವಾಗಿರಿ: ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು, ಕಡಿತಕ್ಕೊಳಗಾದವರನ್ನು ನಡೆಸದೆ, ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತೋಟದ ನಡುವೆ ಬದುಕುವ ನಮ್ಮ ಮಕ್ಕಳಿಗೆ ಈ ಒಂದು ಪಾಠ ಪದಕಕ್ಕಿಂತ ದೊಡ್ಡದು.

ಓಣಂ ರಜೆಯ ಬಳಿಕ, ಮಳೆ ಇಳಿಮುಖವಾದಾಗ ನಡಿಗೆಗೆ ಹೊರಡಬಹುದು. ಊರಿನ ನಕ್ಷೆಯನ್ನು ತಂಡಗಳೇ ಬರೆಯಲಿ: ಅಡಕೆ ತೋಟ, ಕಟ್ಟ, ಕಾಲುಸಂಕ, ತೆರೆದ ಬಾವಿ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಸುರಂಗ. ಸುರಂಗವನ್ನು ಹೊರಗಿನಿಂದಲೇ ನೋಡಬೇಕು, ಒಳಗೆ ಹೋಗಕೂಡದು. ಅದನ್ನು ಕೊರೆದ ಹಿರಿಯರಿದ್ದರೆ ಅವರ ಮುಂದೆ ಕುಳಿತು ಕೇಳಿ ಬರೆದುಕೊಳ್ಳಲಿ. ನವೆಂಬರ್ 7ರ ಸಂಸ್ಥಾಪನಾ ದಿನದಂದು ಆ ನಕ್ಷೆಯನ್ನು ಶಾಲೆಯ ಗೋಡೆಯ ಮೇಲೆ ತೂಗುಹಾಕಬಹುದು. ಕ್ರಿಸ್ಮಸ್ ರಜೆಯ ಹೊತ್ತಿಗೆ ಶಾಲೆಯಲ್ಲೇ ಒಂದು ರಾತ್ರಿಯ ಶಿಬಿರ ನಡೆಯಲಿ. ಗುಡ್ಡದ ಮುಳಿಹುಲ್ಲು ಒಣಗಿದ ಮೇಲೆ ಅಲ್ಲಿ ಶಿಬಿರಾಗ್ನಿ ಬೇಡ. ಶಾಲೆಯ ಅಂಗಳದಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು ಬೆಂಕಿ ಹಾಕುವುದೇ ಸರಿ. ಅಕ್ಕಿಯ ಲೆಕ್ಕ ಈ ಬಾರಿ ಮಕ್ಕಳದು. ಗಂಜಿ ಕಡಿಮೆಯಾದರೆ ಆಗಲಿ. ಮುಂದಿನ ಶಿಬಿರದಲ್ಲಿ ಆ ಲೆಕ್ಕ ತಪ್ಪುವುದಿಲ್ಲ.

ಬೇಡನ್ ಪೊವೆಲ್ ದಂಪತಿಗಳಿಬ್ಬರ ಜನ್ಮದಿನವೂ ಫೆಬ್ರವರಿ 22. ಚಿಂತನಾ ದಿನವೆಂದು ಆಚರಿಸುವ ಆ ದಿನ ಹಳೆಯ ನಾಯಕರು ಹೊಸಬರಿಗೆ ದಿನಚರಿ ಪುಸ್ತಕವನ್ನು ಹಸ್ತಾಂತರಿಸುವ ಪದ್ಧತಿಯನ್ನು ನಿಮ್ಮ ಶಾಲೆಯಲ್ಲಿ ಆರಂಭಿಸಿ. ಹತ್ತನೆಯ ತರಗತಿಯವರು ಪರೀಕ್ಷೆಗೆ ಹೋಗುವ ಮುನ್ನ ಮುಂದಿನ ವರ್ಷದ ದಳ ಸಿದ್ಧವಾಗಿರುತ್ತದೆ.

ಇನ್ನು ಭಾಷೆಯ ಮಾತು. ನಮ್ಮ ತರಗತಿಯ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಹೀಗೆ ಹಲವು. ಕವಾಯತಿನ ಆಜ್ಞೆಗಳು ಹಿಂದಿಯಲ್ಲಿವೆ. ಜಿಲ್ಲಾ ಮಟ್ಟದ ಶಿಬಿರಗಳಲ್ಲಿ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ ನಡೆಯುತ್ತದೆ. ಗಂಟು ಹಾಕಲು ಬಲ್ಲ ಮಗು ಅದರ ಉಪಯೋಗವನ್ನು ಹೇಳಲಾರದೆ ತಲೆತಗ್ಗಿಸಿ ನಿಂತದ್ದನ್ನು ನಾನು ಕಂಡಿದ್ದೇನೆ. ಆ ಮೌನವನ್ನು ಅಜ್ಞಾನವೆಂದು ತಿಳಿಯುವವರೇ ಹೆಚ್ಚು. ಇದಕ್ಕೆ ಎರಡು ಉಪಾಯಗಳಿವೆ. ತಂಡದ ಸಭೆ, ಯೋಜನೆ ಮತ್ತು ದಿನಚರಿಗಳು ಕನ್ನಡದಲ್ಲೇ ಇರಲಿ, ಮಕ್ಕಳ ಕೈಬರಹದಲ್ಲೇ ಇರಲಿ. ಪಾಠಪುಸ್ತಕದ ಹೊರಗೆ, ಒಂದು ಕೆಲಸವನ್ನು ಮಾಡಿಮುಗಿಸುವ ಸಲುವಾಗಿ ಕನ್ನಡವನ್ನು ಬಳಸುವ ಅವಕಾಶ ನಮ್ಮ ಮಕ್ಕಳಿಗೆ ದೊರೆಯುವುದು ಅಪರೂಪ. ಅದೇ ಪುಸ್ತಕದ ಕೊನೆಯ ಪುಟಗಳಲ್ಲಿ ಶಿಬಿರದ ಪದಗಳನ್ನು ಕನ್ನಡ, ಮಲಯಾಳ ಮತ್ತು ಹಿಂದಿಯಲ್ಲಿ ಸಾಲಾಗಿ ಬರೆಸಿ. ತನಗೆ ತಿಳಿದದ್ದನ್ನು ಕನ್ನಡದಲ್ಲಿ ವಿವರಿಸಬಲ್ಲ ಮಗು ಅದನ್ನು ಮಲಯಾಳದಲ್ಲಿ ಹೇಳಲೂ ಬೇಗ ಕಲಿಯುತ್ತದೆ.

ಹತ್ತನೆಯ ತರಗತಿಯ ಗ್ರೇಸ್ ಮಾರ್ಕಿಗಾಗಿಯೇ ಮಕ್ಕಳು ಸೇರುತ್ತಾರೆಂಬ ಆಕ್ಷೇಪವಿದೆ. ಸೇರಲಿ. ಯಾವ ಕಾರಣದಿಂದ ಬಂದರೆಂಬುದಕ್ಕಿಂತ ಬಂದ ಮೇಲೆ ಏನನ್ನು ಕಂಡರೆಂಬುದು ಮುಖ್ಯ. ಆದರೆ ರಾಜ್ಯ ಪುರಸ್ಕಾರದ ಪರೀಕ್ಷೆಗೆ ಹೋಗದ ಮಗುವಿಗೂ ತಂಡದಲ್ಲಿ ಸಮಾನ ಸ್ಥಾನವಿರಬೇಕು. ಸಮವಸ್ತ್ರ ಕೊಳ್ಳಲಾಗದ ಮಗು ಹಿಂದೆ ಸರಿಯದಂತೆ ರಕ್ಷಕ-ಶಿಕ್ಷಕ ಸಂಘದೊಡನೆ ಮೊದಲೇ, ಸದ್ದಿಲ್ಲದೆ ಮಾತನಾಡಿ.

ಕೊನೆಯದಾಗಿ, ದಳವನ್ನು ನಡೆಸದ ಅಧ್ಯಾಪಕರಿಗೆ ಒಂದು ವಿನಂತಿ. ಈ ಹೊರೆ ಒಬ್ಬರ ಹೆಗಲಿನದಾಗದಿರಲಿ. ನಡಿಗೆಗೆ ಹೊರಟಾಗ ಇನ್ನೊಬ್ಬ ಹಿರಿಯರು ಜೊತೆಗಿರಲೇಬೇಕು, ಹೆಣ್ಣುಮಕ್ಕಳಿದ್ದರೆ ಅಧ್ಯಾಪಿಕೆಯಿರಬೇಕು. ರಕ್ಷಕರ ಒಪ್ಪಿಗೆ ಪತ್ರವು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಮುಖ್ಯೋಪಾಧ್ಯಾಯರು ವಾರಕ್ಕೊಂದು ಅವಧಿಯನ್ನು ದಳಕ್ಕಾಗಿ ಕಾದಿರಿಸಿದರೆ ಅದು ದೊಡ್ಡ ಉಪಕಾರ.

ನಮಗೆಲ್ಲರಿಗೂ ಒಂದು ದಿನ ವರ್ಗಾವಣೆಯಿದೆ, ನಿವೃತ್ತಿಯಿದೆ. ನಾವು ಹೋದ ಮರುವಾರ, ನಿಗದಿಯಾದ ಹೊತ್ತಿಗೆ, ಮಕ್ಕಳು ತಾವಾಗಿಯೇ ಕಪಾಟು ತೆರೆದು ಧ್ವಜವನ್ನು ಹೊರತೆಗೆದರೆ ನಮ್ಮ ಕೆಲಸ ಸಾರ್ಥಕ. ನನ್ನಿಂದ ಅಂದು ಆಗದಿದ್ದುದು ನಿಮ್ಮಿಂದ ಆಗಲಿ ಎಂದು ಹಾರೈಸಿ ಮಾತು ಮುಗಿಸುತ್ತೇನೆ.