ಮೆಣಸಿನ ಎಣ್ಣೆ: ಯಂತ್ರಕ್ಕಿಂತ ಮೊದಲು ಹದ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಕಾಳುಮೆಣಸಿನ ಎಣ್ಣೆ ತೆಗೆಯುವ ಹೊಸ ಯಂತ್ರವನ್ನು ಸಂಘ ತರಬೇಕೆಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಆ ಬಗ್ಗೆ ನಾಲ್ಕು ಮಾತು ಹೇಳ್ತೇನೆ.

ಮೆಣಸಿನ ಪರಿಮಳ ಅದರಲ್ಲಿರುವ ಹಾರುವ ಎಣ್ಣೆಯದು, ಖಾರ ಪೈಪರಿನ್‌ನದು. ಹಬೆ ಹಾಯಿಸಿದರೆ ಪರಿಮಳ ಬರ್ತದೆ, ಖಾರ ಪುಡಿಯಲ್ಲೇ ಉಳೀತದೆ. ಅಸಿಟೋನ್‌ನಂಥ ದ್ರಾವಕದಲ್ಲಿ ಎರಡೂ ಬರ್ತದೆ. ಆದರೆ ದ್ರಾವಕದ ಅಂಶ ಎಣ್ಣೆಯಲ್ಲಿ ಉಳಿಯದಂತೆ ನೋಡಬೇಕು.

ಹೊಸ ಯಂತ್ರ ಬಳಸುವುದು ಇಂಗಾಲದ ಡೈ ಆಕ್ಸೈಡನ್ನು, ಅಂದರೆ ಸೋಡಾದಲ್ಲಿ ಗುಳ್ಳೆ ಏಳಿಸುವ ಅನಿಲವನ್ನು. 31 ಡಿಗ್ರಿಗಿಂತ ಹೆಚ್ಚು ಶಾಖ, ವಾತಾವರಣದ ಸುಮಾರು 73 ಪಟ್ಟಿಗಿಂತ ಹೆಚ್ಚು ಒತ್ತಡ ಕೊಟ್ಟರೆ ಅದು ಗಾಳಿಯಂತೆ ಪುಡಿಯೊಳಗೆ ನುಗ್ಗಿ, ದ್ರವದಂತೆ ಎಣ್ಣೆಯನ್ನು ಕರಗಿಸಿಕೊಳ್ತದೆ. ಒತ್ತಡ ಇಳಿಸಿದ ಕೂಡಲೇ ಎಣ್ಣೆ ಬಿಟ್ಟು ಹೊರಡ್ತದೆ. ಅದೇ ಅನಿಲವನ್ನು ಮತ್ತೆ ಬಳಸಬಹುದು. ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಜರ್ಮನಿಯ ವಿಜ್ಞಾನಿ ಕುರ್ಟ್ ಜೋಸೆಲ್ 1960ರ ದಶಕದಲ್ಲಿ ಈ ಉಪಾಯ ಕಂಡುಕೊಂಡರು.

ಇಲ್ಲಿ ಎಲ್ಲವೂ ಹದದ ಮೇಲೆ ನಿಂತಿದೆ. ಒತ್ತಡ 100 ಪಟ್ಟಿನ ಆಸುಪಾಸು ಇದ್ದರೆ ಹೆಚ್ಚಾಗಿ ಪರಿಮಳ. 300ರ ಹತ್ತಿರ ಹೋದರೆ ಖಾರವೂ ಬಂತು, ಬೇಡದ ಜಿಡ್ಡೂ ಬಂತು. ಒತ್ತಡ ಕಡಿಮೆ ಇರುವಾಗ ಶಾಖ ಏರಿಸಿದರೆ ಅನಿಲ ತೆಳುವಾಗಿ ಎಣ್ಣೆ ಹಿಡಿಯೋದೇ ಕಡಿಮೆ. ಪುಡಿ ತರಿತರಿ ಇದ್ದರೆ ಒಳಗಿನ ಎಣ್ಣೆ ಹೊರಬರೋದಿಲ್ಲ. ತೀರಾ ನುಣ್ಣಗಾದರೆ ಗಟ್ಟಿ ಕೂತು, ಅನಿಲ ಒಂದೇ ಕಡೆ ದಾರಿ ಮಾಡಿಕೊಂಡು ಹೋಗ್ತದೆ. ಬೀಸುವಾಗಲೇ ಬಿಸಿಯಾದರೆ ಪರಿಮಳ ಅಲ್ಲೇ ಹಾರಿ ಹೋಯಿತು.

ಅಷ್ಟು ಒತ್ತಡ ತಡೆಯುವ ಉಕ್ಕಿನ ಪಾತ್ರೆ, ಪಂಪು, ಅದನ್ನು ನಡೆಸಲು ನುರಿತ ಜನ, ಎಲ್ಲಕ್ಕೂ ದುಡ್ಡು ಬೇಕು. ಯಂತ್ರ ವರ್ಷಪೂರ್ತಿ ಓಡಿದರೆ ಮಾತ್ರ ಸಾಲದ ಬಡ್ಡಿ ಹುಟ್ಟೀತು. ನಮ್ಮ ಕೊಯ್ಲು ಕೆಲವೇ ತಿಂಗಳಿನದು. ಸದಸ್ಯರ ಷೇರು ಹಣವನ್ನು ಅದರಲ್ಲಿ ಹೂಡುವುದು ಈಗ ಬೇಡ ಎಂದು ನನ್ನ ಅಭಿಪ್ರಾಯ.

ಹಾಗಂತ ಕೈಕಟ್ಟಿ ಕೂರೋದೂ ಬೇಡ. ಕಾಳಿನಲ್ಲಿ ಇಲ್ಲದ ಎಣ್ಣೆಯನ್ನು ಯಾವ ಯಂತ್ರವೂ ತೆಗೆಯಲಾರದು. ಮೆಣಸನ್ನು ನೆಲಕ್ಕೆ ಹರಡದೆ ಶುಚಿಯಾದ ಹಾಸಿನ ಮೇಲೆ ಒಣಗಿಸೋಣ, ತೇವ ಶೇಕಡಾ 11ರೊಳಗೆ ತರೋಣ. ಪೂರ್ತಿ ಬಲಿಯದ ಹಗುರ ಕಾಳನ್ನು ಬೇರೆ ಮಾಡೋಣ. ಇಡೀ ಕಾಳಿನ ವ್ಯಾಪಾರಿ ಅದನ್ನು ತಳ್ಳಿಹಾಕ್ತಾನೆ, ಆದರೆ ಎಣ್ಣೆ ತೆಗೆಯುವವರಿಗೆ ಬೇಕಾದದ್ದು ಅದೇ. ಸಂಘದಲ್ಲಿ ಎಲ್ಲರ ಹಗುರ ಕಾಳು ಒಟ್ಟು ಸೇರಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಎಣ್ಣೆಯ ಪ್ರಮಾಣದ ಚೀಟಿ ಕೈಯಲ್ಲಿ ಹಿಡಿದೇ ದರ ಮಾತಾಡೋಣ. ಬರುವ ಕೊಯ್ಲಿನಿಂದಲೇ ಇದನ್ನು ಶುರು ಮಾಡಬೇಕೆಂದು ಸಭೆಯನ್ನು ಕೋರಿ ನನ್ನ ಮಾತು ಮುಗಿಸುತ್ತೇನೆ.